ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ?

ತಂಗಿ, ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ಸನಿವೇಲ್‌ನಲ್ಲಿ ಕೆಲಸ ಸಿಕ್ಕಿದೆ ಎಂದು ಓದಿ ಸಂತೋಷವಾಯಿತು. ಬೆಂಗಳೂರಿನಿಂದ ಇಲ್ಲಿಗೆ ಎಷ್ಟು ದೂರ, ಎಷ್ಟು ಗಂಟೆ, ಅಪ್ಪ ಅಮ್ಮನನ್ನು ಯಾವಾಗ ಕರೆಸಿಕೊಳ್ಳುವುದು ಎಂದು ಕೇಳಿದ್ದೀರಿ.

ನೇರ ದೂರ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದ ವಿಮಾನವಾದರೆ 16ರಿಂದ 17 ಗಂಟೆ. ಬೇರೆ ಊರಿನಲ್ಲಿ ವಿಮಾನ ಬದಲಿಸುವುದಾದರೆ ಒಂದು ಇಡೀ ದಿನ ಎಂದಿಟ್ಟುಕೊಳ್ಳಿ. ಅಮೆರಿಕದ ಇನ್ನೊಂದು ಊರಿನಲ್ಲಿ ಬದಲಿಸಿದರೆ ಇಮಿಗ್ರೇಷನ್ ಮುಗಿಯುವುದು ಅಲ್ಲಿಯೇ. ಪೆಟ್ಟಿಗೆಗಳನ್ನು ತೆಗೆದುಕೊಂಡು ಮತ್ತೆ ಕೊಡಬೇಕು. ಕರಿಬೇವು ತರಬೇಡಿ, ನಿಂಬೆ ಜಾತಿಯ ಮರಗಳಿಗೆ ರೋಗ ತಗಲೀತೆಂದು ಕಿತ್ತಿಟ್ಟುಕೊಳ್ಳುತ್ತಾರೆ. ಚಟ್ನಿಪುಡಿಗೆ ತೊಂದರೆಯಿಲ್ಲ.

ನಾನು ಬಂದಾಗ ದೇವನಹಳ್ಳಿಯ ನಿಲ್ದಾಣ ಇರಲಿಲ್ಲ. ಹಳೆಯ ಎಚ್‌ಎಎಲ್ ನಿಲ್ದಾಣದಿಂದ ನಡುರಾತ್ರಿ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿ, ಇಲ್ಲಿ ಇಳಿದಾಗ ಅದೇ ತಾರೀಖಿನ ಮಧ್ಯಾಹ್ನ. ಇಪ್ಪತ್ತರ ಆಸುಪಾಸಿನ ವಯಸ್ಸು, ದಣಿವೆಂದರೇನೆಂದೇ ತಿಳಿಯಲಿಲ್ಲ.

ನನ್ನ ಅಮ್ಮ ಬಂದದ್ದೂ ಅದೇ ದಾರಿಯಲ್ಲಿ, ಒಬ್ಬರೇ, ತಿಪಟೂರಿನಿಂದ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಗಾಲಿಕುರ್ಚಿ ಕೇಳಿಟ್ಟಿದ್ದೆ, ಕೊಟ್ಟರು ಕೂಡ. ಆದರೆ ಗೇಟಿನ ಮುಂದೆ ಕೂರಿಸಿ ಹೋದ ಮೇಲೆ, ಎದ್ದರೆ ವಿಮಾನ ತಪ್ಪೀತೆಂಬ ಭಯಕ್ಕೆ ನೀರನ್ನೂ ಕುಡಿಯದೆ ಗಂಟೆಗಟ್ಟಲೆ ಕುಳಿತಿದ್ದರಂತೆ. ಇಲ್ಲಿ ಇಳಿಯುವಾಗ ಎರಡೂ ಪಾದ ಊದಿದ್ದವು. ಇದ್ದಷ್ಟು ತಿಂಗಳೂ ನಗುನಗುತ್ತಲೇ ಇದ್ದರು, ಹಿತ್ತಲಿನಲ್ಲಿ ಮೆಂತ್ಯದ ಸೊಪ್ಪು ಬೆಳೆದರು. ಊರಿಗೆ ಮರಳಿದ ಮೇಲೆ ಮಾತ್ರ, ‘ಇನ್ನು ನೀವೇ ಬನ್ನಿ’ ಎಂದುಬಿಟ್ಟರು.

2021ರ ಜನವರಿಯಲ್ಲಿ ಏರ್ ಇಂಡಿಯಾ ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಆರಂಭಿಸಿತು. ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ಹಾರಿಸಿಕೊಂಡು ಹೋದರು. ನಮ್ಮ ಬೆಂಗಳೂರಿಗೆ ಎಂದು ನಾವೆಲ್ಲ ಎಷ್ಟು ಬೀಗಿದೆವು! ಅಮ್ಮನಿಗೆ ಫೋನಿನಲ್ಲಿ ಹೇಳಿದೆ: ಹತ್ತುವುದು ದೇವನಹಳ್ಳಿಯಲ್ಲಿ, ಇಳಿಯುವುದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ನಡುವೆ ಯಾರನ್ನೂ ಏನೂ ಕೇಳಬೇಕಿಲ್ಲ. ಅಷ್ಟರಲ್ಲಿ ಅವರ ಮಂಡಿ ಹೋಗಿತ್ತು, ಅಷ್ಟು ಹೊತ್ತು ಕೂರುವುದು ಬೇಡವೆಂದು ವೈದ್ಯರು ಹೇಳಿದ್ದರು. ಆ ವಿಮಾನ ಹತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಈಗಲೂ ಅನಿಸುತ್ತದೆ.

ಆದ್ದರಿಂದ ಮನೆ ಕೊಂಡ ಮೇಲೆ, ಮಗುವಾದ ಮೇಲೆ ಎಂದು ಕಾಯಬೇಡಿ. ಅಪ್ಪ ಅಮ್ಮನಿಗೆ ಸಂದರ್ಶಕ ವೀಸಾ ಈಗಿನಿಂದಲೇ ಮಾಡಿಸಿ. ಸಂದರ್ಶನಕ್ಕೆ ದಿನಾಂಕ ಸಿಗುವುದೇ ತಡ. ನಿಮ್ಮ ಟಿಕೆಟ್ ಯಾವ ಊರು ಸುತ್ತಿ ಬಂದರೂ ನಡೆಯುತ್ತದೆ, ಅವರಿಗೆ ಮಾತ್ರ ನೇರ ವಿಮಾನ ಇದ್ದರೆ ಅದನ್ನೇ ನೋಡಿ. ಅದು ಈಗ ಇದೆಯೇ ಎಂದು ಮೊದಲು ವಿಚಾರಿಸಿ, ಇಂಥ ಸೇವೆಗಳು ಬದಲಾಗುತ್ತಿರುತ್ತವೆ. ಡಿಸೆಂಬರ್ ಬೇಡ, ದರವೂ ಹೆಚ್ಚು, ಇಲ್ಲಿ ಮಳೆಯೂ ಹೌದು. ಏಪ್ರಿಲ್‌ನಲ್ಲಿ ಬಂದರೆ ಸಂಜೆ ಅವರಿಬ್ಬರೇ ನಡೆದುಕೊಂಡು ಹೋಗಿ ಬರುವಷ್ಟು ಹಿತವಾಗಿರುತ್ತದೆ.