ಐಬಿಎಸ್‌ಗೆ ಹಿಪ್ನೋಥೆರಪಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಗಂಗಾವತಿಯಿಂದ ಕೇಳಿದ್ದೀರಿ. ನಾಲ್ಕು ವರ್ಷದಿಂದ ಹೊಟ್ಟೆನೋವು, ಬೆಳಿಗ್ಗೆ ಮೂರು ನಾಲ್ಕು ಸಲ ಲೆಟ್ರಿನ್‌ಗೆ ಓಡಬೇಕು, ರಿಪೋರ್ಟ್ ನೋಡಿದರೆ ಎಲ್ಲ ನಾರ್ಮಲ್. ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಅನ್ನೋ ಕರುಳಿನ ತೊಂದರೆ ಇಂಥದ್ದೇ. ಡಾಕ್ಟರು ಹಿಪ್ನೋಥೆರಪಿ (ಮೈ ಸಡಿಲ ಬಿಡಿಸಿ, ಮಾತು ಮತ್ತು ಕಲ್ಪನೆಯ ಮೂಲಕ ಕೊಡುವ ಚಿಕಿತ್ಸೆ) ಮಾಡಿಸಿ ನೋಡಿ ಅಂದರು, ಅಮ್ಮ ಅದು ವಶೀಕರಣ, ಬೇಡ ಅಂದರು. ಯಾರ ಮಾತು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ. ನಾನು ಮಾಡಿಸಿಕೊಂಡಿದ್ದೇನೆ. ನನಗೆ ಉಪಯೋಗವಾಗಿದೆ. ಪೂರ್ತಿ ಗುಣವಾಗಿದೆ ಅಂತ ಮಾತ್ರ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಬಸ್ ಕಂಡಕ್ಟರ್. ರಾಯಚೂರು–ಸಿಂಧನೂರು ರೂಟಿನಲ್ಲಿ ಬಹಳ ವರ್ಷ ಓಡಾಡಿದ್ದೇನೆ. ಈ ಕಾಯಿಲೆ ಇದ್ದವನಿಗೆ ಕಂಡಕ್ಟರ್ ಕೆಲಸ ಅಂದರೆ ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು, ಮೂರು ಸಲ ಹೋಗಿ ಬಂದು, ಏನೂ ತಿನ್ನದೆ ಡ್ಯೂಟಿಗೆ ಹೋಗುತ್ತಿದ್ದೆ. ಆದರೂ ಕಲ್ಲೂರು ದಾಟುವಷ್ಟರಲ್ಲಿ ಹೊಟ್ಟೆ ಮುರಿಯಲು ಶುರು. ಒಂದು ದಿನ ಪೋತ್ನಾಳದ ಹತ್ತಿರ ತಡೆಯಲಾಗಲಿಲ್ಲ. ಬಸ್ ತುಂಬಿ ಬಾಗಿಲ ತನಕ ಜನ ನಿಂತಿದ್ದರು. ಡ್ರೈವರ್ ಕಡೆ ಕೈಸನ್ನೆ ಮಾಡಿ ನಿಲ್ಲಿಸಿ, ಟಿಕೆಟ್ ಮಷಿನ್ನು, ದುಡ್ಡಿನ ಚೀಲ ಎರಡನ್ನೂ ಅವರ ತೊಡೆ ಮೇಲೆ ಇಟ್ಟು, ಜಾಲಿ ಗಿಡಗಳ ಹಿಂದೆ ಓಡಿದೆ. ಹತ್ತು ನಿಮಿಷ ಬಿಟ್ಟು ಬಂದಾಗ ಯಾರೂ ಏನೂ ಅನ್ನಲಿಲ್ಲ. ಒಬ್ಬ ಅಜ್ಜಿ ಮಾತ್ರ ನೀರಿನ ಬಾಟ್ಲಿ ಮುಂದೆ ಹಿಡಿದರು. ಆ ಬಾಟ್ಲಿ ತಗೊಳ್ಳುವಾಗ ನನ್ನ ಕೈ ನಡುಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಂದ ಮುಂದೆ ಪೋತ್ನಾಳ ಬಂತು ಅಂದರೆ ಸಾಕು, ತಿಂದಿರಲಿ ಬಿಡಲಿ, ಹೊಟ್ಟೆ ಮುರಿಯುತ್ತಿತ್ತು. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ನಿಮ್ಮ ತಪಾಸಣೆ ಆಗಿದೆ ಅಂತ ಬರೆದಿದ್ದೀರಿ, ಒಳ್ಳೆಯದು. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಇದೆ ಅಂತ ರಿಪೋರ್ಟ್, ಮೇಲಿಂದ ಮೇಲೆ ಜ್ವರ, ಮಲಗಿದ್ದವರನ್ನು ರಾತ್ರಿ ಎಬ್ಬಿಸುವ ಭೇದಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ. ಇವುಗಳಲ್ಲಿ ಒಂದಿದ್ದರೂ ಮೊದಲು ಹೊಟ್ಟೆ ಡಾಕ್ಟರ ಹತ್ತಿರ ಹೋಗಬೇಕು. ಹಿಪ್ನೋಥೆರಪಿ ಆಮೇಲಿನ ಮಾತು.

ಹಾಗಾದರೆ ಎಲ್ಲ ನಾರ್ಮಲ್ ಇದ್ದರೂ ನೋವು ಯಾಕೆ? "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡ" ಅಂತ ಹೇಳಿಸಿಕೊಂಡು ನನಗೂ ಸಾಕಾಗಿತ್ತು. ಏನೂ ಇಲ್ಲ ಅನ್ನೋದು ತಪ್ಪು. ನಮ್ಮ ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ. ಅವಕ್ಕೂ ಮಿದುಳಿಗೂ ದಿನವಿಡೀ ಮಾತುಕತೆ ನಡೆದೇ ಇರುತ್ತದೆ. ಐಬಿಎಸ್ ಇದ್ದವರಲ್ಲಿ ಆ ಮಾತುಕತೆ ಕೆಟ್ಟಿರುತ್ತದೆ. ಗುದದ್ವಾರದ ಒಳಗೆ ಸಣ್ಣ ಬಲೂನು ಇಟ್ಟು ಗಾಳಿ ತುಂಬಿ ನೋಡಿದ್ದಾರೆ. ಬೇರೆಯವರಿಗೆ ನೋವಾಗದಷ್ಟು ಒತ್ತಡಕ್ಕೇ ನಮ್ಮಲ್ಲಿ ಎಷ್ಟೋ ಜನರಿಗೆ ನೋವು ಬರುತ್ತದೆ. ಅಂದರೆ ನೋವು ನಿಜ, ಸುಮ್ನೆ ಅನಿಸುವುದಲ್ಲ. 1990ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯರು ಹಿಪ್ನೋಥೆರಪಿಗೆ ಮೊದಲು ಮತ್ತು ನಂತರ ಇದೇ ಬಲೂನು ಪರೀಕ್ಷೆ ಮಾಡಿದಾಗ, ಕರುಳಿನ ಆ ಸೂಕ್ಷ್ಮತೆಯೇ ಬದಲಾಗಿದ್ದು ಕಂಡಿತ್ತು.

ಈ ವಿಧಾನದ ಊರೇ ಮ್ಯಾಂಚೆಸ್ಟರ್. 1840ರ ದಶಕದಲ್ಲಿ ಹಿಪ್ನಾಟಿಸಂ ಅನ್ನೋ ಹೆಸರನ್ನು ಬಳಕೆಗೆ ತಂದ ಜೇಮ್ಸ್ ಬ್ರೇಡ್ ಕೂಡ ಅಲ್ಲಿಯೇ ಡಾಕ್ಟರಾಗಿದ್ದರು. ಅದನ್ನು ಹೊಟ್ಟೆಗೆ ಹೊಂದಿಸಿದವರು ಅಲ್ಲಿನ ಹೊಟ್ಟೆ ಡಾಕ್ಟರು ಪೀಟರ್ ವೋರ್ವೆಲ್. ಯಾವ ಔಷಧಿಗೂ ಬಗ್ಗದ 30 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಪ್ನೋಥೆರಪಿ, ಇನ್ನೊಂದಕ್ಕೆ ಆಪ್ತಸಮಾಲೋಚನೆ ಮತ್ತು ಔಷಧಿ ಇಲ್ಲದ ಗುಳಿಗೆ. ಹಿಪ್ನೋಥೆರಪಿ ಗುಂಪು ಬಹಳ ಮುಂದೆ ಹೋಯಿತು. 1984ರಲ್ಲಿ ಅದು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2015ರಲ್ಲಿ ಅದೇ ತಂಡ 1,000 ರೋಗಿಗಳ ಲೆಕ್ಕ ಕೊಟ್ಟಿತು, ನೂರಕ್ಕೆ 76 ಜನರಿಗೆ ಒಳ್ಳೆಯ ಸುಧಾರಣೆ. ಆದರೆ ಈ ಅಂಕಿ ನೋಡಿ ಆಸೆ ಜಾಸ್ತಿ ಮಾಡಿಕೊಳ್ಳಬೇಡಿ. ಅದು ಇದರಲ್ಲೇ ಪಳಗಿದವರ ಜಾಗ. ನೆದರ್ಲೆಂಡ್ಸ್‌ನಲ್ಲಿ 354 ಜನರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಬಂತು. ಮೂರು ತಿಂಗಳಿಗೆ ಸಾಕಷ್ಟು ಆರಾಮಾಯಿತು ಅಂದವರು ಒಬ್ಬೊಬ್ಬರಾಗಿ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40, ಗುಂಪಿನಲ್ಲಿ ಮಾಡಿಸಿಕೊಂಡವರಲ್ಲಿ 33, ಬರೀ ತಿಳಿವಳಿಕೆ ಕೊಟ್ಟವರಲ್ಲಿ 17. ನಾನು ಈ ಅಂಕಿಯನ್ನೇ ಜಾಸ್ತಿ ನಂಬುತ್ತೇನೆ. ಅರ್ಧಕ್ಕಿಂತ ಕಡಿಮೆ ಇರಬಹುದು, ಆದರೆ ಎಲ್ಲ ಮಾತ್ರೆ ನುಂಗಿ ಮುಗಿಸಿದ ನಮ್ಮಂಥವರಿಗೆ ಅದು ಸಣ್ಣದಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಕೂಡ ಒಂದು ವರ್ಷ ಔಷಧಿ ತಗೊಂಡರೂ ಕಡಿಮೆ ಆಗದವರಿಗೆ ಇದನ್ನು ಯೋಚಿಸಿ ಅನ್ನುತ್ತದೆ.

ಈಗ ನನ್ನ ಕಥೆ. ಹೈದರಾಬಾದಿನಲ್ಲಿ ತೋರಿಸಿಕೊಂಡಾಗ ಅಲ್ಲಿನ ಡಾಕ್ಟರು ಹೇಳಿದ ಮೇಲೆ, ಮೊದಲು ಮೊಬೈಲಿನಲ್ಲಿ ಒಂದು ಇಂಗ್ಲಿಷ್ ರೆಕಾರ್ಡಿಂಗ್ ಹಾಕಿಕೊಂಡು ಶುರು ಮಾಡಿದೆ. ಇಪ್ಪತ್ತು ದಿನ ಕೇಳಿದೆ. ಏನೂ ಆಗಲಿಲ್ಲ. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಅರ್ಥ ಮಾಡಿಕೊಳ್ಳೋದರಲ್ಲೇ ತಲೆ ಎಚ್ಚರವಾಗಿ ಕೂತುಬಿಡುತ್ತಿತ್ತು. ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರು. ಮೊದಲ ಎರಡು ಸಿಟ್ಟಿಂಗ್ ಅಲ್ಲಿಗೇ ಹೋಗಿ, ಉಳಿದ ಎಂಟು ವಿಡಿಯೋ ಕಾಲಿನಲ್ಲಿ. ಒಂದಕ್ಕೆ 1,500 ರೂಪಾಯಿ ಕೊಟ್ಟೆ. ನನ್ನ ಸಂಬಳಕ್ಕೆ ಅದು ಭಾರವೇ.

ಮೊದಲ ದಿನ ನನ್ನ ಹೆಂಡತಿಯೂ ಒಳಗೇ ಕೂತಿದ್ದಳು. ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಲು ಹೇಳಿದರು. ಉಸಿರು ನಿಧಾನ ಮಾಡಿಸಿದರು. ಕಾಲಿನ ಬೆರಳಿಂದ ಮೇಲಕ್ಕೆ ಒಂದೊಂದೇ ಭಾಗ ಸಡಿಲ ಬಿಡಿಸಿದರು. ಹೊರಗೆ ಆಟೋ ಹಾರ್ನ್ ಕೇಳುತ್ತಿತ್ತು. ನಡುವೆ ಸೊಳ್ಳೆ ಕಚ್ಚಿತು, ಕೆರೆದುಕೊಂಡೆ. ಎಚ್ಚರ ತಪ್ಪುವುದು, ಹೇಳಬಾರದ್ದನ್ನು ಹೇಳುವುದು ಅಂಥದ್ದೇನೂ ಇಲ್ಲ. ಇದನ್ನು ನಿಮ್ಮ ಅಮ್ಮನಿಗೆ ಹೀಗೆ ಹೇಳಿ: ದಿನಾ ಓಡಾಡುವ ದಾರಿಯಲ್ಲಿ ಯಾವುದೋ ಯೋಚನೆಯಲ್ಲಿ ಮುಳುಗಿ, ನೀರಮಾನ್ವಿ ಯಾವಾಗ ದಾಟಿತು ಅಂತಲೇ ಗೊತ್ತಾಗದೆ ಮಾನ್ವಿ ಬಂದಿರುತ್ತದಲ್ಲ, ಅದೇ ಸ್ಥಿತಿ. ಅಷ್ಟು ಹೊತ್ತೂ ಟಿಕೆಟ್ ಸರಿಯಾಗೇ ಕೊಟ್ಟಿರುತ್ತೇನೆ, ಚಿಲ್ಲರೆ ತಪ್ಪಿರುವುದಿಲ್ಲ. ಬೇಕೆಂದಾಗ ಎದ್ದು ಬರಬಹುದು.

ಆಮೇಲೆ ಎರಡೂ ಅಂಗೈ ಹೊಟ್ಟೆ ಮೇಲೆ ಇಡಲು ಹೇಳಿದರು. ಕೈಯ ಬಿಸಿ ಒಳಗೆ ಇಳಿಯುತ್ತಿದೆ ಅಂದುಕೊಳ್ಳಬೇಕು. ಕರುಳು ಒಂದು ನದಿ, ಅದು ನಿಧಾನವಾಗಿ ಸಮುದ್ರಕ್ಕೆ ಹರಿಯುತ್ತಿದೆ ಅಂತ ಕಲ್ಪಿಸಿಕೊಳ್ಳಬೇಕು. ಇದು ಮ್ಯಾಂಚೆಸ್ಟರ್‌ನಿಂದ ಬಂದ ಪದ್ಧತಿ. ನನಗೆ ಬಿಸಿ ಸಿಕ್ಕಿತು, ಸಮುದ್ರ ಸಿಗಲಿಲ್ಲ. ಎರಡನೇ ಸಲ ಅವರಿಗೆ ಹೇಳಿಬಿಟ್ಟೆ, "ಮೇಡಂ, ನನಗೆ ಕಾಲುವೆ ಗೊತ್ತು" ಅಂತ. ನಮ್ಮಪ್ಪನದು ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡಿನಲ್ಲಿ ಎರಡು ಎಕರೆ. ಚಿಕ್ಕವನಿದ್ದಾಗ ರಾತ್ರಿ ಬ್ಯಾಟರಿ ಹಿಡಿದು ಅಪ್ಪನ ಜೊತೆ ನೀರು ಕಟ್ಟಲು ಹೋಗುತ್ತಿದ್ದೆ. ಒಮ್ಮೆಲೇ ನೀರು ನುಗ್ಗಿದರೆ ಬದು ಒಡೆದು ಪೈರು ಕೊಚ್ಚಿಹೋಗುತ್ತದೆ. ಬರದಿದ್ದರೆ ನೆಲ ಬಿರಿಯುತ್ತದೆ. ತೂಬು ಎಷ್ಟು ಎತ್ತಬೇಕೋ ಅಷ್ಟೇ ಎತ್ತಿದಾಗ ನೀರು ಸದ್ದಿಲ್ಲದೆ ಮಡಿಯಿಂದ ಮಡಿಗೆ ಹೋಗುತ್ತದೆ. ಮೇಡಂ ಎಲ್ಲ ಬರೆದುಕೊಂಡರು. ಮುಂದಿನ ಸಲ ನದಿ ಇರಲಿಲ್ಲ, ತೂಬು ಇತ್ತು. ಅದರ ಹಿಡಿ ನನ್ನ ಕೈಯಲ್ಲಿತ್ತು. ನಮ್ಮ ರಾಯಚೂರು ಕಡೆಯ ಮಾತು ಅವರಿಗೆ ಬರುತ್ತಿರಲಿಲ್ಲ, ಆದರೂ ನನ್ನಿಂದ ಕೇಳಿಸಿಕೊಂಡು "ಹೊಟ್ಟಿ ಹಗೂರ ಆಗ್ಲಿಕತ್ತದ" ಅಂತ ಹೇಳಿದರು. ಅವತ್ತು ಮೊದಲ ಸಲ ಹೊಟ್ಟೆಯೊಳಗಿನ ಬಿಗಿ ಬಿಟ್ಟದ್ದು ನನಗೆ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು.

ನಾನು ನಿಮಗೆ ಹೇಳಬೇಕೆಂದಿದ್ದು ಇದೇ. ಅವರು ನಮ್ಮ ಮೇಲೆ ಏನೋ ಮಾಡುವುದಿಲ್ಲ, ನಾವು ಕಲಿಯುತ್ತೇವೆ. ಕಲಿಯಲು ನಮ್ಮ ಮಾತು, ನಮ್ಮ ಚಿತ್ರ ಬೇಕು. ನಿಮಗೆ ಕಾಲುವೆ ಬೇಡವಾದರೆ ಇನ್ನೇನೋ ಇರುತ್ತದೆ.

ಸಿಟ್ಟಿಂಗ್‌ಗಿಂತ ಮನೆಯ ಅಭ್ಯಾಸ ದೊಡ್ಡದು. ಅವರು ಮಾಡಿಕೊಟ್ಟ ಕನ್ನಡ ರೆಕಾರ್ಡಿಂಗ್ ದಿನಾ ಇಪ್ಪತ್ತು ನಿಮಿಷ ಕೇಳಬೇಕಿತ್ತು. ಡಬಲ್ ಡ್ಯೂಟಿ ದಿನ ಸಿಂಧನೂರು ಸ್ಟ್ಯಾಂಡಿನಲ್ಲಿ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೇಳುತ್ತಿದ್ದೆ. ಮೊದಲ ತಿಂಗಳು ಅಂಥ ಫರಕು ಇರಲಿಲ್ಲ, ಬಿಟ್ಟುಬಿಡೋಣ ಅನಿಸಿತ್ತು. ಆರನೇ ವಾರದ ಹೊತ್ತಿಗೆ ಬೆಳಿಗ್ಗೆ ಒಂದೇ ಸಲಕ್ಕೆ ಮುಗಿಯುವ ದಿನಗಳು ಬಂದವು. ಪೋತ್ನಾಳದ ಹೆದರಿಕೆ ಕೊನೆಗೆ ಹೋಯಿತು. ಅದಕ್ಕೇ ಒಂದು ಪೂರ್ತಿ ಸಿಟ್ಟಿಂಗ್ ಬೇಕಾಯಿತು: ಕಣ್ಣು ಮುಚ್ಚಿ ಬಸ್ ಹತ್ತಿ, ಸ್ಟಾಪ್ ಬೈ ಸ್ಟಾಪ್ ಆ ಊರಿನ ತನಕ ಹೋಗಿ, ತೂಬಿನ ಮೇಲೆ ಕೈ ಇಟ್ಟು, ದಾಟಿ ಬಂದೆ. ಈಗ ತಿಂಗಳಿಗೆ ಎರಡು ಮೂರು ಕೆಟ್ಟ ದಿನ ಇರುತ್ತವೆ, ಮೊದಲು ವಾರಕ್ಕೆ ಐದಿತ್ತು. ಈರುಳ್ಳಿ, ಬೆಳ್ಳುಳ್ಳಿ, ಸ್ಟ್ಯಾಂಡಿನ ಮಿರ್ಚಿ ಇವತ್ತಿಗೂ ಕಡಿಮೆಯೇ. ಜೋಳದ ರೊಟ್ಟಿ, ಮೊಸರು ನನಗೆ ಒಗ್ಗುತ್ತದೆ. ಊಟದ ಪಥ್ಯ ಒಗ್ಗಿದರೆ ಅದನ್ನೂ ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ 2016ರಲ್ಲಿ ಹೋಲಿಸಿ ನೋಡಿದಾಗ ಪಥ್ಯ ಮತ್ತು ಹಿಪ್ನೋಥೆರಪಿ ಎರಡೂ ಸರಿಸಮ ಬಂದಿದ್ದವು.

ಥೆರಪಿಸ್ಟ್ ಹುಡುಕುವಾಗ ಹುಷಾರು. ಮೂರೇ ದಿನದಲ್ಲಿ ಗ್ಯಾರಂಟಿ ಅನ್ನುವವರು, ಹಿಂದಿನ ಜನ್ಮ ತೋರಿಸುತ್ತೇವೆ ಅನ್ನುವವರು, ಮಾತ್ರೆ ನಿಲ್ಲಿಸಿ ಅನ್ನುವವರ ಹತ್ತಿರ ಹೋಗಬೇಡಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರೇ ಆಗಲಿ. ನಿಮಗೆ ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಆಗಿದ್ದರೆ, ಇಲ್ಲದ ಧ್ವನಿ ಕೇಳುವಂಥದ್ದೇನಾದರೂ ಇದ್ದರೆ ಮೊದಲೇ ಹೇಳಿ. ಇಲ್ಲದ ಧ್ವನಿ ಕೇಳುವಂಥವರಿಗೆ ಇದು ಸಾಮಾನ್ಯವಾಗಿ ಸರಿ ಹೋಗುವುದಿಲ್ಲ. ಫೋನ್ ಮಾಡಿದಾಗ ಮೂರು ಮಾತು ಕೇಳಿ: ಹೊಟ್ಟೆಗಾಗಿಯೇ ಇರುವ ವಿಧಾನ ಕಲಿತಿದ್ದೀರಾ, ಕನ್ನಡದಲ್ಲಿ ಮಾಡ್ತೀರಾ, ಮೊದಲ ದಿನ ನಮ್ಮ ಅಮ್ಮ ಒಳಗೆ ಕೂರಬಹುದಾ. ಮೂರನೆಯದಕ್ಕೆ ಹೂಂ ಅಂದರೆ ಅಮ್ಮನನ್ನೂ ಕರೆದುಕೊಂಡೇ ಹೊರಡಿ. ನನ್ನ ಹೆಂಡತಿಗೂ ಅದೇ ಭಯ ಇತ್ತು. ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ, "ರಾತ್ರಿ ನಾನೂ ಪಕ್ಕದಲ್ಲಿ ಕೂತು ಕೇಳಬಹುದಾ?"