ಮೂಳೆಗೆ ಸೂಜಿ ಹಾಕಿದ್ದು ಯಾಕೆ?

ವಾಂತಿಭೇದಿಯಿಂದ ಸೊರಗಿದ ಮಗುವಿಗೆ ಕೈಯಲ್ಲಿ ನರ ಸಿಗದೆ ಕಾಲಿನ ಮೂಳೆಗೇ ಸೂಜಿ ಹಾಕಿದರು, ಮೂಳೆ ಹಾಳಾಗುತ್ತಾ ಅಂತ ಕೇಳಿದ್ದೀರಿ. ಸುಮ್ನೆ ಗಾಬರಿ ಬೇಡ. ಮೈಯಲ್ಲಿ ನೀರು ತೀರಾ ಕಡಿಮೆಯಾದರೆ ಕೈಯ ನರಗಳು ಮುದುಡಿಕೊಳ್ಳುತ್ತವೆ. ಮೂಳೆಯೊಳಗಿನ ಮೆತ್ತನೆ ಮಜ್ಜೆಯ ರಕ್ತನಾಳಗಳು ಹಾಗಲ್ಲ, ಸುತ್ತ ಗಟ್ಟಿ ಮೂಳೆ ಇರುವುದರಿಂದ ತೆರೆದೇ ಇರುತ್ತವೆ. ಮೊಣಕಾಲಿನ ಸ್ವಲ್ಪ ಕೆಳಗೆ, ಒಳಬದಿಯಲ್ಲಿ ಚಪ್ಪಟೆ ಜಾಗ ಇದೆಯಲ್ಲ, ಅಲ್ಲಿ ಚರ್ಮದಡಿಯೇ ಮೂಳೆ. ಸೂಜಿಯನ್ನು ಒತ್ತಿ ತಿರುಗಿಸುತ್ತಾ ಹೋದರೆ ಗಟ್ಟಿ ಪದರ ದಾಟಿದ ಕೂಡಲೇ ಬಿಗಿ ಸಡಿಲವಾಗುತ್ತದೆ. ಆಮೇಲೆ ಸಲೈನ್, ಔಷಧಿ, ರಕ್ತ ಎಲ್ಲವೂ ಅಲ್ಲಿಂದಲೇ. ಬಾಂಬಿಗೆ ಕಾಲು ಕಳೆದುಕೊಂಡ ಸೈನಿಕರಿಗೆ ಎದೆಮೂಳೆಗೂ ಹಾಕುವುದುಂಟು. ಸಾಮಾನ್ಯವಾಗಿ 24 ಗಂಟೆಯೊಳಗೆ ತೆಗೆಯುತ್ತಾರೆ, ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆ ಜಾಗ ಕೆಂಪಾಗಿ ಊದಿದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.