ಹೊಲದೊಳಗಿನ ಹಾದಿ, ಹಳದಿ ಬಾಣ: ಇಂಗ್ಲೆಂಡಿನ ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಅಥವಾ ಅಲ್ಲಿಗೆ ಹೊರಟಿರುವ ಕುಟುಂಬಗಳದ್ದೇ ಹೆಚ್ಚು. ಬಹುಪಾಲು ಪತ್ರಗಳು ನಡಿಗೆಯ ಸುತ್ತಲೇ ಇದ್ದುದರಿಂದ ಅವುಗಳಿಗೆ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ನಾವು ಶೆಫೀಲ್ಡ್ ನಗರದ ಅಂಚಿನಲ್ಲಿ ವಾಸವಾಗಿದ್ದೇವೆ. ನಮ್ಮ ಬೀದಿ ಮುಗಿಯುವಲ್ಲಿ ‘ಪಬ್ಲಿಕ್ ಫುಟ್‌ಪಾತ್’ ಎಂಬ ಫಲಕವಿದ್ದು, ಅದು ನೇರವಾಗಿ ಯಾರದೋ ಹೊಲದೊಳಕ್ಕೆ ದಾರಿ ತೋರಿಸುತ್ತದೆ. ಗೇಟು ಮುಚ್ಚಿರುತ್ತದೆ, ಒಳಗೆ ದನಗಳು ಮೇಯುತ್ತಿರುತ್ತವೆ. ‘ಪರದೇಶದಲ್ಲಿ ಯಾರದೋ ಜಮೀನಿಗೆ ನುಗ್ಗಿ ವೀಸಾಕ್ಕೆ ಕುತ್ತು ತಂದುಕೊಳ್ಳುವುದು ಬೇಡ’ ಎಂದು ನಮ್ಮ ಯಜಮಾನರು ಅಲ್ಲಿಂದಲೇ ಹಿಂದಿರುಗುತ್ತಾರೆ. ನಿಜವಾಗಿ ಒಳಗೆ ಹೋಗಬಹುದೇ?

ಉತ್ತರ: ಧಾರಾಳವಾಗಿ ಹೋಗಬಹುದು. ಹೊಲ ಯಾರದ್ದೇ ಆಗಿರಲಿ, ಆ ಹಾದಿಯಲ್ಲಿ ನಡೆಯುವ ಹಕ್ಕು ಸಾರ್ವಜನಿಕರದು. ಜಮೀನು ಮಾರಾಟವಾಗಿ ಕೈ ಬದಲಾದರೂ ಹಾದಿಯ ಹಕ್ಕು ಹಾಗೆಯೇ ಉಳಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂತಹ ಹಾದಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಅವುಗಳನ್ನು ಗುರುತಿಸಿ ಅಧಿಕೃತ ನಕ್ಷೆಗೆ ಸೇರಿಸುವ ಹೊಣೆಯನ್ನು 1949ರ ಕಾಯ್ದೆಯೊಂದು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಹಾದಿಯ ಮೇಲೆ ನಡೆಯುವವರೆಗೆ ಅದು ಅತಿಕ್ರಮಣವೇ ಅಲ್ಲವಾದ್ದರಿಂದ ವೀಸಾದ ಮಾತು ಇಲ್ಲಿ ಬರುವುದಿಲ್ಲವೆಂದು ನಿಮ್ಮ ಯಜಮಾನರಿಗೆ ತಿಳಿಸಿ.

ಗೇಟು ಮುಚ್ಚಿರುವುದು ದನಗಳಿಗಾಗಿ, ನಿಮಗಾಗಿ ಅಲ್ಲ. ಮುಚ್ಚಿದ್ದ ಗೇಟನ್ನು ದಾಟಿದ ಮೇಲೆ ಮುಚ್ಚಬೇಕು, ತೆರೆದಿಟ್ಟಿದ್ದನ್ನು ತೆರೆದೇ ಬಿಡಬೇಕು. ನೀರು ಕುಡಿಯಲು ದನ ಆಚೆ ಹೋಗಲೆಂದು ರೈತನೇ ಅದನ್ನು ತೆರೆದಿಟ್ಟಿರಬಹುದು. ಕೆಲವು ಕಡೆ ಗೇಟಿನ ಬದಲು, ನಮ್ಮ ಮಲೆನಾಡಿನ ತಡಮೆಯಂತೆ ಹತ್ತಿ ಇಳಿಯುವ ‘ಸ್ಟೈಲ್’ ಇರುತ್ತದೆ. ಅದರ ಕಂಬದ ಮೇಲೆ ಅಂಗೈಯಗಲದ ಬಿಲ್ಲೆಯೊಂದನ್ನು ಹೊಡೆದು ಬಾಣದ ಗುರುತು ಮಾಡಿರುತ್ತಾರೆ. ಹಳದಿ ಬಾಣ ಕಾಲ್ನಡಿಗೆಯ ಹಾದಿಯದು. ನೀಲಿ ಬಾಣದ ಹಾದಿಯಲ್ಲಿ ಕುದುರೆ ಸವಾರರೂ ಸೈಕಲ್ಲಿನವರೂ ಬರುತ್ತಾರೆ. ಹಾದಿ ಬೆಳೆಯ ನಡುವೆಯೇ ಹಾದುಹೋದರೆ ಸಂಕೋಚಪಡಬೇಡಿ: ಉಳುಮೆಯಿಂದ ಹಾದಿ ಅಳಿದರೆ ನಿಗದಿತ ದಿನಗಳೊಳಗೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗುವಂತೆ ಮಾಡಿಕೊಡುವುದು ರೈತನ ಕರ್ತವ್ಯ. ಪೈರು ತುಳಿಯದಂತೆ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುವುದು ನಿಮ್ಮ ಕರ್ತವ್ಯ.

ದನಗಳ ವಿಷಯದಲ್ಲಿ ಮಾತ್ರ ನಿಮ್ಮ ಯಜಮಾನರ ಅಳುಕನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಊರ ಬೀದಿಯ ಹಸುವಿನ ಬೆನ್ನು ಸವರಿ ಅಭ್ಯಾಸವಾದ ನಮಗೆ ಇಲ್ಲಿನ ಹಸುವೂ ಸಾಧುವೆಂದೇ ತೋರುತ್ತದೆ. ಆದರೆ ಕರುವಿರುವ ಹಸು ಕರುವಿಗಾಗಿ ಮೇಲೆ ಬೀಳಬಲ್ಲದು, ನಾಯಿ ಜೊತೆಗಿದ್ದರಂತೂ ಅಪಾಯ ಇನ್ನೂ ಹೆಚ್ಚು. ಹಸು ಮತ್ತು ಕರುವಿನ ನಡುವೆ ಎಂದೂ ಹಾದುಹೋಗಬೇಡಿ. ಹಿಂಡು ಹಾದಿಗೆ ಅಡ್ಡವಾಗಿದ್ದರೆ ಬೇಲಿಯ ಅಂಚು ಹಿಡಿದು ದೂರದಿಂದ ಬಳಸಿ ಹೋಗಿ ಮುಂದೆ ಹಾದಿ ಸೇರಿಕೊಳ್ಳಿ. ಮಕ್ಕಳ ಕೈ ಹಿಡಿದು, ಓಡದೆ, ಗದ್ದಲ ಮಾಡದೆ ನಡೆಯಿರಿ. ನೆರೆಯವರ ನಾಯಿಯನ್ನು ಕರೆದೊಯ್ದಿದ್ದು ದನ ಅಟ್ಟಿಸಿಕೊಂಡು ಬಂದರೆ, ಹಗ್ಗ ಬಿಟ್ಟುಬಿಡಿ. ನಾಯಿ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಹಾದಿಯಿರುವ ಹೊಲದಲ್ಲಿ ಹಾಲಿನ ತಳಿಯ ಬೆಳೆದ ಹೋರಿಯನ್ನು ಬಿಡಲು ಕಾನೂನಿನ ನಿಷೇಧವಿದೆ. ಮಾಂಸದ ತಳಿಯ ಹೋರಿಯನ್ನು ಹಸುಗಳ ಜೊತೆಯಲ್ಲಾದರೆ ಬಿಡಬಹುದು.

ನೀವಿರುವ ಊರು ನಡಿಗೆಯ ಹಕ್ಕಿನ ಚರಿತ್ರೆಗೆ ಬಹಳ ಹತ್ತಿರದ್ದು. 1932ರ ಏಪ್ರಿಲ್ 24ರಂದು, ಬೇಟೆಗೆಂದು ಜಮೀನುದಾರರು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವ ಕಾರ್ಮಿಕರು ಬೇಕೆಂದೇ ಹತ್ತಿದರು. ಶೆಫೀಲ್ಡ್‌ನಿಂದಲೂ ಒಂದು ಸಣ್ಣ ತಂಡ ಈಡೇಲ್ ಮಾರ್ಗವಾಗಿ ಹೋಗಿ ಅವರನ್ನು ಕೂಡಿಕೊಂಡಿತು. ಐವರಿಗೆ ಸೆರೆವಾಸವಾಯಿತು. ಆ ಬೆಟ್ಟವನ್ನೊಳಗೊಂಡ ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾಯ್ದೆಯ ನಂತರ ನಕ್ಷೆಯಲ್ಲಿ ಗುರುತಿಸಿದ ಬೆಟ್ಟ ಮತ್ತು ಬಯಲುಗಳಲ್ಲಿ ಹಾದಿ ಬಿಟ್ಟೂ ನಡೆಯಬಹುದಾಗಿದೆ. ಶೆಫೀಲ್ಡ್‌ನಿಂದ ಈಡೇಲ್‌ಗೆ ಇಂದಿಗೂ ರೈಲಿದೆ. ಆದರೆ ಮೊದಲ ವಾರವೇ ಕಿಂಡರ್ ಏರಬೇಕಿಲ್ಲ. ನಿಮ್ಮ ಬೀದಿಯ ಕೊನೆಯ ಆ ಫಲಕದಿಂದಲೇ ಹೊರಡಿ. ಆರ್ಡ್‌ನನ್ಸ್ ಸರ್ವೇಯ ಕಿತ್ತಳೆ ರಕ್ಷಾಪುಟದ ‘ಎಕ್ಸ್‌ಪ್ಲೋರರ್’ ನಕ್ಷೆಯೊಂದನ್ನು ಕೊಂಡುಕೊಳ್ಳಿ. ಅದರಲ್ಲಿ ಹಸಿರು ಗೀಟುಗಳ ಸಾಲು ಸಾರ್ವಜನಿಕ ಹಾದಿಯನ್ನು ತೋರಿಸುತ್ತದೆ; ಫೋನಿನ ಸಾಮಾನ್ಯ ನಕ್ಷೆಯಲ್ಲಿ ಇಂತಹ ಎಷ್ಟೋ ಹಾದಿಗಳು ಕಾಣಿಸುವುದಿಲ್ಲ.

ಪ್ರಶ್ನೆ: ನಾನು ತೀರ್ಥಹಳ್ಳಿಯ ನಿವೃತ್ತ ಶಿಕ್ಷಕಿ. ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ನಡೆಯುವ ರೂಢಿ ನನಗಿದೆ. ಅಕ್ಟೋಬರಿನಲ್ಲಿ ಡರ್ಬಿಯಲ್ಲಿರುವ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಡುವ ಯೋಚನೆಯಿದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಚಳಿಯಲ್ಲಿ ಮನೆಯೊಳಗೇ ಕುಳಿತಿರಬೇಕಾದೀತೇ?

ಉತ್ತರ: ಟಿಕೆಟ್ ಇನ್ನೂ ತೆಗೆಸಿಲ್ಲವಾದರೆ ಪ್ರಯಾಣವನ್ನು ಏಪ್ರಿಲಿಗೆ ಮುಂದೂಡಿ ಎಂಬುದು ನನ್ನ ನೇರ ಸಲಹೆ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಮಗ, ಸೊಸೆ ಕೆಲಸದಿಂದ ಬಂದು ಊಟ ಮುಗಿಸಿದ ಮೇಲೂ ಎಲ್ಲರೂ ಕೂಡಿ ಹೊರಡಬಹುದು. ಡಿಸೆಂಬರಿನಲ್ಲಿ ಸೂರ್ಯ ಮೂಡುವಾಗ ಎಂಟು ಗಂಟೆ ದಾಟಿರುತ್ತದೆ, ನಾಲ್ಕಕ್ಕೆ ಮುಂಚೆಯೇ ಮುಳುಗುತ್ತಾನೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟ ಮರುದಿನದಿಂದ ಸಂಜೆ ಎನ್ನುವುದೇ ಇಲ್ಲವಾಗುತ್ತದೆ.

ಹೋಗುವುದು ಅನಿವಾರ್ಯವಾದರೆ ನಡಿಗೆಯ ಹೊತ್ತನ್ನು ಬದಲಿಸಿಕೊಳ್ಳಿ: ಹನ್ನೊಂದಕ್ಕೆ ಹೊರಟು ಊಟದ ಹೊತ್ತಿಗೆ ಹಿಂದಿರುಗಿ. ಹಿರಿಯರು ಹಿಮಕ್ಕೆ ಹೆದರುತ್ತಾರೆ, ಆದರೆ ನವೆಂಬರಿನಲ್ಲಿ ಕಾಲು ಜಾರಿಸುವುದು ಹಾದಿಯ ಮೇಲೆ ಒದ್ದೆಯಾಗಿ ಅಂಟಿಕೊಂಡಿರುವ ಎಲೆಗಳು. ಆದ್ದರಿಂದ ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಬೂಟನ್ನು ಅಲ್ಲಿಯೇ, ದಪ್ಪ ಕಾಲುಚೀಲ ತೊಟ್ಟು ಅಳತೆ ನೋಡಿ ಕೊಂಡುಕೊಳ್ಳಿ. ಸೀರೆಯ ಅಂಚು ಒದ್ದೆಯಾದರೆ ಒಣಗುವುದಿಲ್ಲ, ಮೊಣಕಾಲಿನವರೆಗೂ ಚಳಿ ಏರುತ್ತದೆ. ನಡಿಗೆಗೆ ಸಲ್ವಾರ್ ಅಥವಾ ಪ್ಯಾಂಟೇ ಮೇಲು. ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲವಾದ್ದರಿಂದ ಟೊಪ್ಪಿಯಿರುವ ಮಳೆಯಂಗಿ ಬೇಕು. ಅಕ್ಟೋಬರಿನಿಂದ ಮಾರ್ಚಿನವರೆಗೆ ಅಲ್ಲಿನ ಬಿಸಿಲಿನಿಂದ ಮೈಗೆ ವಿಟಮಿನ್ ಡಿ ದೊರೆಯುವುದು ಕಷ್ಟ. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆಯ ಬಗ್ಗೆ ಯೋಚಿಸಬೇಕೆಂದು ಅಲ್ಲಿನ ಆರೋಗ್ಯ ಸೇವೆ ಎಲ್ಲರಿಗೂ ಹೇಳುತ್ತದೆ. ನೀವು ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರನ್ನು ಕೇಳಿಕೊಂಡೇ ಹೊರಡಿ. ಪ್ರವಾಸ ವಿಮೆಯನ್ನು ಮರೆಯಬೇಡಿ; ಬಿದ್ದು ಮೂಳೆ ಮುರಿದು ಆಸ್ಪತ್ರೆಗೆ ಸೇರಿದರೆ ಸಂದರ್ಶಕರು ಹಣ ತೆರಬೇಕಾಗುತ್ತದೆ.

ಹಿರಿಯರು ಬಾಯಿಬಿಟ್ಟು ಕೇಳದ ಪ್ರಶ್ನೆಯೊಂದಿದೆ: ಶೌಚಾಲಯ. ಸಾರ್ವಜನಿಕ ಶೌಚಾಲಯಗಳು ವಿರಳ. ಆದ್ದರಿಂದ ನಡಿಗೆಯ ಹಾದಿಯನ್ನು ಗ್ರಂಥಾಲಯ, ದೊಡ್ಡ ಅಂಗಡಿ ಅಥವಾ ಕಾಫಿಯ ಅಂಗಡಿಯ ಸುತ್ತ ಯೋಜಿಸುವುದು ಜಾಣತನ. ರಜೆಯ ದಿನ ಮಗನೊಡನೆ ಡರ್ಬಿಯಿಂದ ರೈಲು ಹತ್ತಿ ಸುಮಾರು ಅರ್ಧ ಗಂಟೆಯಲ್ಲಿ ಕ್ರಾಮ್‌ಫರ್ಡ್ ತಲುಪಬಹುದು. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಶಕ್ತಿಯಿಂದ ನಡೆಯುವ ಹತ್ತಿಯ ಗಿರಣಿ ಕಟ್ಟಲು ತೊಡಗಿದ ಊರು ಅದು. ಅಲ್ಲಿ ಕಾಲುವೆಯ ದಂಡೆಯ ಮೇಲಿನ ಹಾದಿ ಏರಿಳಿತವಿಲ್ಲದೆ ಸಮತಟ್ಟಾಗಿದ್ದು, ಮಂಡಿನೋವಿನವರಿಗೂ ಒಗ್ಗುತ್ತದೆ. ಎದುರಿಗೆ ಬಂದ ಅಪರಿಚಿತರು ‘ಮಾರ್ನಿಂಗ್’ ಎಂದರೆ ನೀವೂ ಹಾಗೆಯೇ ಅನ್ನಿ, ಮಾತು ಅಲ್ಲಿಗೆ ಮುಗಿಯಿತು. ನಿಂತು ಊರುಕೇರಿ ವಿಚಾರಿಸುವ ಪದ್ಧತಿಯಿಲ್ಲ.

ಪ್ರಶ್ನೆ: ಊರಿನಿಂದ ನಾಟಿಂಗ್‌ಹ್ಯಾಮ್‌ಗೆ ಬಂದಿರುವ ನಮ್ಮ ಅತ್ತೆ ಬೆಳಗಿನ ನಡಿಗೆಯಲ್ಲಿ ದೇವರ ಪೂಜೆಗೆಂದು ಹೂ ಕೊಯ್ದು ತರುತ್ತಾರೆ. ಮೊನ್ನೆ ಸೆರಗಿನಲ್ಲಿ ಪಕ್ಕದ ಬೀದಿಯವರ ಗುಲಾಬಿಯೂ ಇತ್ತು. ಅವರಿಗೆ ನೋವಾಗದಂತೆ ಹೇಗೆ ಹೇಳಲಿ?

ಉತ್ತರ: ನೀವು ಹೇಳಬೇಡಿ, ನಿಮ್ಮ ಪತಿಯಿಂದ ಹೇಳಿಸಿ, ಮಗನ ಮಾತು ಸೊಸೆಯ ಮಾತಿನಷ್ಟು ಚುಚ್ಚುವುದಿಲ್ಲ. ಕಾಂಪೌಂಡಿನಾಚೆ ಚಾಚಿದ ದಾಸವಾಳ ಕಿತ್ತವರನ್ನು ಬೆಂಗಳೂರಿನ ಮನೆಯವರೂ ಒಳಗೊಳಗೇ ಶಪಿಸುತ್ತಾರೆ, ದೇವರ ಹೆಸರು ಬಂದದ್ದರಿಂದ ಬಾಯಿಬಿಡುವುದಿಲ್ಲ ಅಷ್ಟೆ. ಇಂಗ್ಲೆಂಡಿನ ಕಾನೂನಿನ ಪ್ರಕಾರ, ತಾನಾಗಿ ಬೆಳೆದ ಗಿಡದ ಹೂವು, ಹಣ್ಣುಗಳನ್ನು ಮಾರಾಟಕ್ಕಲ್ಲದೆ ಕೊಯ್ದರೆ ಅದು ಕಳ್ಳತನವಾಗುವುದಿಲ್ಲವೆಂದು 1968ರ ಕಾಯ್ದೆ ಹೇಳುತ್ತದೆ. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದನ್ನು 1981ರ ಕಾಯ್ದೆ ನಿಷೇಧಿಸಿದೆ. ತೋಟದ ಗುಲಾಬಿಗೆ ಈ ವಿನಾಯಿತಿಯಿಲ್ಲ, ಉದ್ಯಾನಗಳಿಗೆ ಅವುಗಳದೇ ನಿಯಮಗಳಿರುತ್ತವೆ.

ನನಗೆ ಗುಲಾಬಿಗಿಂತ ಹೆಚ್ಚಿನ ಆತಂಕ ಬೇರೆಯದು. ಊರಿನಲ್ಲಿ ಸೊಪ್ಪು, ಹೂವುಗಳನ್ನು ಕಣ್ಣಳತೆಯಲ್ಲೇ ಗುರುತಿಸುವ ಹಿರಿಯರ ಅನುಭವ ಇಲ್ಲಿ ಮೋಸಹೋಗಬಹುದು. ಜೂನಿನಲ್ಲಿ ಬೇಲಿಯಂಚಿನಲ್ಲಿ ಉದ್ದ ಕದಿರಿನ ತುಂಬ ನೇರಳೆ ಗಂಟೆಗಳಂತೆ ತೂಗುವ ‘ಫಾಕ್ಸ್‌ಗ್ಲವ್’ ಹೂವು ಪೂಜೆಗೆ ಹೇಳಿಮಾಡಿಸಿದಂತೆ ಕಾಣುತ್ತದೆ. ಅದರ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ‘ಹೆಮ್ಲಾಕ್’ ಗಿಡದ ಎಲೆ ಕೊತ್ತಂಬರಿಯ ಬಳಗದ್ದೇ. ನುಣುಪಾದ ಕಾಂಡದ ಮೇಲೆ ನೇರಳೆ ಕಲೆಗಳು ಕಂಡರೆ ಮುಟ್ಟಕೂಡದು. ಬದಲಿಗೆ ಹುಲ್ಲಿನಲ್ಲಿ ಎಲ್ಲೆಂದರಲ್ಲಿ ಅರಳುವ ಹಳದಿ ‘ಡ್ಯಾಂಡಿಲಯನ್’ ಹೂವನ್ನು ನಿಮ್ಮ ಹಿತ್ತಿಲಿನಲ್ಲೇ ಬೇಕಾದಷ್ಟು ಕೊಯ್ಯಲಿ. ಕುಂಡದಲ್ಲಿ ಚೆಂಡುಹೂವಿನ ನಾಲ್ಕು ಸಸಿ ನೆಟ್ಟುಕೊಟ್ಟರೆ ಬೇಸಗೆ ಪೂರ್ತಿ ಪೂಜೆಗೆ ಸಾಲುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹಾದಿಬದಿಯ ಬ್ಲ್ಯಾಕ್‌ಬೆರಿ ಆರಿಸಲು ಡಬ್ಬಿ ಕೊಟ್ಟು ಕಳುಹಿಸಿ; ನಾಯಿಗಳು ಓಡಾಡುವ ಕಡೆ ಸೊಂಟಕ್ಕಿಂತ ಮೇಲಿನ ಹಣ್ಣನ್ನಷ್ಟೇ ಕೊಯ್ಯುವುದು ಒಳ್ಳೆಯದು.

ಪ್ರಶ್ನೆ: ಹತ್ತು ಮತ್ತು ಏಳು ವರ್ಷದ ನಮ್ಮ ಮಕ್ಕಳು ಭಾನುವಾರ ಹೊರಗೆ ಹೊರಟರೆ ಸಾಕು, ‘ಬೋರ್’ ಎಂದು ಗೋಳಾಡುತ್ತಾರೆ. ಏನು ಮಾಡುವುದು?

ಉತ್ತರ: ನಕ್ಷೆಯನ್ನು ದೊಡ್ಡವನ ಕೈಗೂ ಚಕ್ಕುಲಿಯ ಡಬ್ಬಿಯನ್ನು ಚಿಕ್ಕವಳ ಕೈಗೂ ಕೊಡಿ, ದಾರಿ ತಪ್ಪಿದರೆ ತಪ್ಪಲಿ, ಹೇಗೂ ನೀವು ಹಿಂದೆಯೇ ಇರುತ್ತೀರಿ. ದೊಡ್ಡವರಿಗೆ ಪ್ರಿಯವಾದ ‘ದೃಶ್ಯ’ ಮಕ್ಕಳಿಗೆ ಬೇಕಿಲ್ಲ. ಅವರಿಗೆ ದಾಟಲು ಹಳ್ಳ, ಕೂಗಿದರೆ ಮರುದನಿ ಕೊಡುವ ಸುರಂಗ ಬೇಕು. ಬೇಕ್‌ವೆಲ್ ಊರಿನ ಬಳಿ 1968ರಲ್ಲಿ ಮುಚ್ಚಿದ ರೈಲುಮಾರ್ಗವನ್ನು ‘ಮಾನ್ಸಲ್ ಟ್ರೇಲ್’ ಎಂಬ ಸಮತಟ್ಟಾದ ಹಾದಿಯಾಗಿ ಮಾಡಿದ್ದಾರೆ. ಅಲ್ಲಿನ ಸುರಂಗಗಳು 2011ರಲ್ಲಿ ಜನರಿಗೆ ತೆರೆದವು. ಹೆಡ್‌ಸ್ಟೋನ್ ಎಂಬ ಸುರಂಗ ಸುಮಾರು ಅರ್ಧ ಕಿಲೋಮೀಟರ್ ಉದ್ದವಿದ್ದು, ಹೊರಬಿದ್ದೊಡನೆ ಕಣಿವೆಯ ಮೇಲಿನ ಎತ್ತರದ ಕಮಾನು ಸೇತುವೆ ಎದುರಾಗುತ್ತದೆ. ಹಾದಿ ಸಮತಟ್ಟಾಗಿರುವುದರಿಂದ ಮಕ್ಕಳ ತಳ್ಳುಗಾಡಿಯೂ ಸಾಗುತ್ತದೆ. ಸುರಂಗದೊಳಗೆ ದೀಪ ಉರಿಯುವುದು ಹಗಲಿನಲ್ಲಿ ಮಾತ್ರ. ಚಳಿಗಾಲದಲ್ಲಿ ಹೋಗುವಿರಾದರೆ ಟಾರ್ಚ್ ಜೊತೆಗಿರಲಿ, ಮೂರು ಗಂಟೆಯೊಳಗೆ ಹಿಂದಿರುಗಿಬಿಡಿ.